ಶೇ 45 ಸರಿ, ಆದರೆ ಯಾವುದರ ಶೇ 45?

ಹೋದ ವಾರ ಬರೆದ ಅಣಕು ಪರೀಕ್ಷೆಯಲ್ಲಿ ಒಂದು ಹೇಳಿಕೆ ಇತ್ತು: ‘2030ರೊಳಗೆ ಭಾರತ ತನ್ನ ಒಟ್ಟು ಹಸಿರುಮನೆ ಅನಿಲ ಹೊರಸೂಸುವಿಕೆಯನ್ನು ಶೇ 45ರಷ್ಟು ಇಳಿಸಲಿದೆ.’ ಸರಿ ಎಂದು ಗುರುತು ಹಾಕಿ ಬಂದೆ. ತಪ್ಪು. ಜೊತೆಗೆ ಓದುವ ಐವರಲ್ಲಿ ನಾಲ್ವರು ಹಾಗೇ ಮಾಡಿದ್ದೆವು. ಅರ್ಥವಾದದ್ದು ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ.

ಹಿನ್ನೆಲೆ ಇಷ್ಟು. ಹವಾಮಾನ ಬದಲಾವಣೆ ತಡೆಯಲು ದೇಶಗಳು ಮಾಡಿಕೊಂಡ ಒಪ್ಪಂದಗಳು: 1992ರ ರಿಯೊ, 1997ರ ಕ್ಯೋಟೊ (ಜಾರಿಗೆ ಬಂದದ್ದು 2005ರಲ್ಲಿ), 2015ರ ಪ್ಯಾರಿಸ್. ಕ್ಯೋಟೊದಲ್ಲಿ ಕಡಿತದ ಗುರಿ ಮುಂದುವರಿದ ದೇಶಗಳಿಗೆ ಮಾತ್ರ. ಪ್ಯಾರಿಸ್‌ನಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದುಕೊಡಬೇಕು, ಐದು ವರ್ಷಕ್ಕೊಮ್ಮೆ ಹೊಸದಾಗಿ ಕೊಡಬೇಕು. ಹಾಗೆ ಬರೆದುಕೊಟ್ಟ ಗುರಿಪತ್ರವೇ ಎನ್‌ಡಿಸಿ (ರಾಷ್ಟ್ರೀಯವಾಗಿ ನಿರ್ಧರಿಸಿದ ಕೊಡುಗೆ). ಎಲ್ಲರಿಗೂ ಸೇರಿದ ಗುರಿ, ಕೈಗಾರಿಕಾ ಯುಗಕ್ಕೆ ಮುಂಚಿನ ಮಟ್ಟಕ್ಕಿಂತ ತಾಪಮಾನ ಏರಿಕೆ 2 ಡಿಗ್ರಿಗಿಂತ ಸಾಕಷ್ಟು ಕೆಳಗಿರಬೇಕು, 1.5ಕ್ಕೆ ನಿಲ್ಲಿಸಲು ಪ್ರಯತ್ನ ನಡೆಯಬೇಕು ಎಂಬುದು.

ಈಗ ತೊಡಕಿನ ಜಾಗ. 45 ಎಂಬ ಅಂಕಿ ಎರಡು ಕಡೆ ಬರುತ್ತದೆ. ಹವಾಮಾನ ವಿಜ್ಞಾನವನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2018ರ ವರದಿ ಪ್ರಕಾರ, 1.5 ಡಿಗ್ರಿಗೆ ನಿಲ್ಲಬೇಕಾದರೆ ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ 2010ರ ಮಟ್ಟಕ್ಕಿಂತ 2030ಕ್ಕೆ ಸುಮಾರು ಶೇ 45 ಇಳಿಯಬೇಕು, 2050ರ ಹೊತ್ತಿಗೆ ನಿವ್ವಳ ಶೂನ್ಯವಾಗಬೇಕು (ಹೊರಬಿಟ್ಟಷ್ಟನ್ನೂ ವಾತಾವರಣದಿಂದ ಹಿಂದಕ್ಕೆ ತೆಗೆಯಬೇಕು). ಇದು ಒಟ್ಟು ಮೊತ್ತದ ಮಾತು. ಭಾರತ 2022ರಲ್ಲಿ ಕೊಟ್ಟ ಎನ್‌ಡಿಸಿಯಲ್ಲೂ ಶೇ 45 ಇದೆ. ಆದರೆ ಅದು 2005ಕ್ಕೆ ಹೋಲಿಸಿ ಹೊರಸೂಸುವಿಕೆಯ ‘ತೀವ್ರತೆ’ಯ ಇಳಿಕೆ. ತೀವ್ರತೆ ಅಂದರೆ ಒಂದು ರೂಪಾಯಿ ಜಿಡಿಪಿಗೆ ಎಷ್ಟು ಅನಿಲ ಎಂಬ ಲೆಕ್ಕ.

ಈ ವ್ಯಾಖ್ಯೆ ಬಾಯಿಪಾಠ ಮಾಡಿದ್ದರೂ ತಲೆಗೆ ಇಳಿದಿರಲಿಲ್ಲ. ಇಳಿದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ. ನಮ್ಮ ದೊಡ್ಡಪ್ಪ ಅಲ್ಲಿ ಕೆಲಸ ಮಾಡುತ್ತಾರೆ. ಬಾಣಲೆಯಲ್ಲಿ ಮರಳು ಕಾದು, ಅಕ್ಕಿ ಬಿದ್ದ ಕೂಡಲೇ ಚಟಚಟ ಅರಳುತ್ತಿತ್ತು. ಕೆಳಗೆ ಒಲೆಗೆ ಭತ್ತದ ಹೊಟ್ಟು ಸುರಿಯುತ್ತಿದ್ದರು. ‘ಈಗ ಹೊಟ್ಟು ಕಡಿಮೆ ಹಿಡಿಯುತ್ತಾ ದೊಡ್ಡಪ್ಪ?’ ಅಂದೆ. ‘ಚೀಲದ ಲೆಕ್ಕಕ್ಕೆ ಕಡಿಮೆನೇ ಕಣಪ್ಪ. ಆದ್ರೆ ಚೀಲ ಎಷ್ಟು ಜಾಸ್ತಿ ಆಗ್ಯಾವ ನೋಡು’ ಅಂದರು. ನನಗೆ ಬೇಕಿದ್ದದ್ದು ಆ ಒಂದೇ ಮಾತು.

ಲೆಕ್ಕಕ್ಕೆ ಸುಲಭವಾಗಲಿ ಅಂತ ಹೀಗೆ ಇಟ್ಟುಕೊಳ್ಳಿ. ಮೊದಲು 100 ಚೀಲ ಮಂಡಕ್ಕಿಗೆ 100 ಬುಟ್ಟಿ ಹೊಟ್ಟು, ಅಂದರೆ ಚೀಲಕ್ಕೆ ಒಂದು ಬುಟ್ಟಿ. ಒಲೆ ಸುಧಾರಿಸಿತು, ಚೀಲಕ್ಕೆ 0.55 ಬುಟ್ಟಿ ಸಾಕಾಯಿತು. ತೀವ್ರತೆ ಶೇ 45 ಇಳಿಯಿತು. ಆದರೆ ವ್ಯಾಪಾರ 300 ಚೀಲಕ್ಕೆ ಏರಿತು. 300 ಗುಣಿಸು 0.55, ಉತ್ತರ 165 ಬುಟ್ಟಿ. ಚೀಲದ ಲೆಕ್ಕದಲ್ಲಿ ಇಳಿಕೆ, ಒಟ್ಟು ಲೆಕ್ಕದಲ್ಲಿ ಶೇ 65 ಏರಿಕೆ. ಎರಡೂ ನಿಜ, ಒಂದೇ ಒಲೆಯ ಲೆಕ್ಕ. (ಹೊಟ್ಟು ಬೆಳೆಯಿಂದ ಬಂದದ್ದು, ಅದರ ಇಂಗಾಲದ ಲೆಕ್ಕ ಕಲ್ಲಿದ್ದಲಿನ ಹಾಗಲ್ಲ. ಇಲ್ಲಿ ಉದಾಹರಣೆಗೆ ಮಾತ್ರ.)

ಇದರಿಂದ ನಾನು ಮಾಡಿಕೊಂಡ ಅಡ್ಡದಾರಿ: ಜಿಡಿಪಿ ಎಷ್ಟು ಪಟ್ಟು ಬೆಳೆಯಿತೋ ಅದನ್ನು 0.55ರಿಂದ ಗುಣಿಸಿ. ಉತ್ತರ 1ಕ್ಕಿಂತ ಹೆಚ್ಚು ಬಂದರೆ ಒಟ್ಟು ಹೊರಸೂಸುವಿಕೆ ಏರಿದೆ ಎಂದರ್ಥ. ಗಡಿ ಸುಮಾರು 1.82 ಪಟ್ಟು. 2005ರಿಂದ ಈಚೆಗೆ ನಮ್ಮ ಜಿಡಿಪಿ ಎರಡು ಪಟ್ಟನ್ನೂ ದಾಟಿದೆ, ಹಾಗಾಗಿ ಗುರಿ ಮುಟ್ಟಿದರೂ ಒಟ್ಟು ಮೊತ್ತ ಏರಿಯೇ ಇರುತ್ತದೆ. ಇದು ಮೋಸ ಅಂತ ನನಗೆ ಅನ್ನಿಸುವುದಿಲ್ಲ. ಇನ್ನೂ ಬೆಳೆಯಬೇಕಾದ ದೇಶ ಇಂಥ ಗುರಿ ಇಟ್ಟುಕೊಳ್ಳುವುದು ನ್ಯಾಯವೇ. ಒಟ್ಟು ಮೊತ್ತವನ್ನು ಹಿಡಿಯುವ ಮಾತು ಬೇರೆ ಇದೆ: 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಭಾರತ ಘೋಷಿಸಿದ 2070ರ ನಿವ್ವಳ ಶೂನ್ಯ.

ಇದೇ ಜಾತಿಯ ಇನ್ನೊಂದು ಗುಂಡಿ ಅದೇ ಎನ್‌ಡಿಸಿಯಲ್ಲಿದೆ: 2030ಕ್ಕೆ ವಿದ್ಯುತ್ ‘ಸ್ಥಾಪಿತ ಸಾಮರ್ಥ್ಯ’ದಲ್ಲಿ ಶೇ 50 ಪಳೆಯುಳಿಕೆಯೇತರ (ಕಲ್ಲಿದ್ದಲು, ತೈಲ, ಅನಿಲ ಬಿಟ್ಟ) ಮೂಲದ್ದಾಗಿರಬೇಕು. ಇದು ಸಾಮರ್ಥ್ಯ, ಉತ್ಪಾದನೆ ಅಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಆಷಾಢದ ಗಾಳಿಗೆ ರೆಕ್ಕೆ ಬಿಡುವಿಲ್ಲದೆ ತಿರುಗುತ್ತದೆ. ಗಾಳಿ ಬಿದ್ದ ದಿನ ಸುಮ್ಮನೆ ನಿಂತಿರುತ್ತದೆ. ನಿಂತಾಗಲೂ 2 ಮೆಗಾವಾಟ್ ಯಂತ್ರ 2 ಮೆಗಾವಾಟೇ. ದಿನವಿಡೀ ಪೂರ್ತಿ ಓಡಿದರೆ 48,000 ಯೂನಿಟ್, ಕಾಲುಭಾಗ ಮಾತ್ರ ಓಡಿದರೆ 12,000. ಆದ್ದರಿಂದಲೇ 2025ರ ಮಧ್ಯದಲ್ಲಿ ದೇಶ ಈ ಶೇ 50 ದಾಟಿದ ಮೇಲೂ ನಮ್ಮ ಮನೆಗೆ ಬರುವ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು.

ಬಡ ದೇಶಗಳ ಹವಾಮಾನ ಕೆಲಸಕ್ಕೆ ಮುಂದುವರಿದ ದೇಶಗಳು ಒದಗಿಸಬೇಕಾದ ಹಣದ ಗುರಿ ಚಿಕ್ಕದಾಗಿ: ಹವಾಮಾನ ಸಮ್ಮೇಳನಗಳ ಪೈಕಿ ಕೋಪನ್‌ಹೇಗನ್‌ನಲ್ಲಿ (2009) ಒಪ್ಪಿದ್ದು 2020ರ ಹೊತ್ತಿಗೆ 100 ಬಿಲಿಯನ್ ಡಾಲರ್, ಬಾಕುವಿನಲ್ಲಿ (2024) ಒಪ್ಪಿದ್ದು 2035ರ ಹೊತ್ತಿಗೆ 300 ಬಿಲಿಯನ್. ಎರಡೂ ವರ್ಷಕ್ಕೆ, ಒಟ್ಟು ಮೊತ್ತವಲ್ಲ. ಪ್ರಶ್ನೆಯಲ್ಲಿ ‘ವರ್ಷಕ್ಕೆ’ ಎಂಬ ಪದ ಇದೆಯೇ ಎಂದು ಬೆರಳಿಟ್ಟು ಓದಿ.