ರಸ್ತೆಗೂ ಟ್ರ್ಯಾಕಿಗೂ ಒಂದೇ ಸಸ್ಪೆನ್ಶನ್: ಜಿಆರ್86, ಬಿಆರ್‌ಜೆಡ್ ಇಟ್ಟುಕೊಂಡವರಿಗೆ

ಟೊಯೊಟಾ ಜಿಆರ್86 ಮತ್ತು ಸುಬಾರು ಬಿಆರ್‌ಜೆಡ್ ಒಂದೇ ಅಚ್ಚಿನ ಕಾರುಗಳು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್ಸ್ ಕಂಬವೇ ಚಕ್ರವನ್ನು ಹಿಡಿಯುವ ಬಗೆ), ಹಿಂದೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ಆರ್ಮ್ ಹಿಡಿಯುವ ಬಗೆ), ತೂಕ 1,280 ಕೆಜಿ ಆಸುಪಾಸು. ಕ್ಯಾಲಿಫೋರ್ನಿಯಾದಲ್ಲಿ ವಾರವಿಡೀ ಆಫೀಸಿಗೆ ಓಡಾಡಿ ಶನಿವಾರ ಲಗುನಾ ಸೆಕಾ ಟ್ರ್ಯಾಕಿಗೆ ಇಳಿಯುವವರಿಗೆ ಇವು ಅಚ್ಚುಮೆಚ್ಚು. ಸಸ್ಪೆನ್ಶನ್ ಕೊಳ್ಳಲು ಬಂದವರು ಮೊದಲು ಕೇಳುವುದು ಯಾವ ಬ್ರ್ಯಾಂಡ್, ಬಿಗಿ ಬದಲಿಸುವ ನಾಬಿಗೆ ಎಷ್ಟು ಕ್ಲಿಕ್, ಕಾರು ಎಷ್ಟು ತಗ್ಗುತ್ತದೆ ಎಂದು. ಕೇಳಬೇಕಾದದ್ದು ಬೇರೆಯೇ: ಸ್ಪ್ರಿಂಗ್ ಎಷ್ಟು ಗಟ್ಟಿ, ಆ ಸ್ಪ್ರಿಂಗಿಗೆ ತಕ್ಕ ಡ್ಯಾಂಪರ್ (ನಾವೆಲ್ಲ ಶಾಕ್ಸ್ ಅನ್ನುವುದು) ಇದೆಯೇ, ಚಕ್ರ ಮೇಲೆ-ಕೆಳಗೆ ಆಡಲು ಎಷ್ಟು ಜಾಗ ಉಳಿಯುತ್ತದೆ. ಹೆಚ್ಚಿನವರು ಮರೆಯುವುದು ಕೊನೆಯದನ್ನು, ಈ ಕಾರಿನ ಹಣೆಬರಹ ಬರೆಯುವುದೂ ಅದೇ.

ಸ್ಪ್ರಿಂಗಿನಿಂದ ಶುರುಮಾಡೋಣ. ಅದರ ಗಟ್ಟಿತನ ಅಳೆಯುವುದು 1 ಮಿ.ಮೀ. ಅದುಮಲು ಎಷ್ಟು ಕೆಜಿ ಭಾರ ಬೇಕು ಎಂಬುದರಿಂದ. ಜಿಆರ್86ಗೆ ಕಂಪನಿ ಕೊಡುವುದು ಮುಂದೆ ಮಿಲಿಮೀಟರಿಗೆ ಸುಮಾರು 2.9 ಕೆಜಿ, ಹಿಂದೆ ಸುಮಾರು 4 ಕೆಜಿ. ಅಮೆರಿಕದ ತಯಾರಕರು ಇಂಚಿಗೆ ಪೌಂಡಿನಲ್ಲಿ ಬರೆದಿದ್ದರೆ 56ರಿಂದ ಭಾಗಿಸಿ. ಹಿಂದಿನ ಸ್ಪ್ರಿಂಗ್ ಹೆಚ್ಚು ಗಟ್ಟಿ ಎಂದು ಮೋಸಹೋಗಬೇಡಿ. ಹಿಂದೆ ಚಕ್ರ 1 ಮಿ.ಮೀ. ಏರಿದರೆ ಸ್ಪ್ರಿಂಗ್ ಅದುಮುವುದು ಸುಮಾರು 0.75 ಮಿ.ಮೀ. ಮಾತ್ರ, ಮುಂದೆ 0.95ರಷ್ಟು. ಈ ಅನುಪಾತದ ವರ್ಗದಿಂದ ಗುಣಿಸಿದಾಗ ಮಾತ್ರ ಚಕ್ರಕ್ಕೆ ತಟ್ಟುವ ನಿಜವಾದ ಗಟ್ಟಿತನ ಸಿಗುತ್ತದೆ. ಅದನ್ನು ಆ ಮೂಲೆಯ ತೂಕಕ್ಕೆ ಹೋಲಿಸಿ ಲೆಕ್ಕ ಹಾಕಿದರೆ ಕಂಪನಿಯ ಕಾರು ಸೆಕೆಂಡಿಗೆ 1.4 ಸಲ ತೂಗುತ್ತದೆ. ಮುಂದೆ 6, ಹಿಂದೆ 7 ಕೆಜಿ ಹಾಕಿದರೆ ಎರಡೂ ಕಡೆ 2ರ ಹತ್ತಿರ ಬರುತ್ತದೆ. ಮುಂದೆ 10 ಹಾಕಿದರೆ 2.6 ದಾಟುತ್ತದೆ. ರಸ್ತೆಗೂ ಬೇಕು, 200 ಟ್ರೆಡ್‌ವೇರ್ (ಬೇಗ ಸವೆದರೂ ಹಿಡಿತ ಹೆಚ್ಚಿರುವ ದರ್ಜೆಯ) ಟೈರಿನಲ್ಲಿ ಟ್ರ್ಯಾಕಿಗೂ ಬೇಕು ಅನ್ನುವವರಿಗೆ 5ರಿಂದ 7 ಕೆಜಿ ಸಾಕು. ಹತ್ತು ಕೆಜಿಯ ಸೆಟ್ ಸ್ಲಿಕ್ (ಗೆರೆಯಿಲ್ಲದ ರೇಸ್) ಟೈರ್ ಹಾಕಿ ಟ್ರೇಲರಿನಲ್ಲಿ ಕಾರು ಒಯ್ಯುವವರದ್ದು. ಕಾಂಕ್ರೀಟ್ ಹೆದ್ದಾರಿಯ ಜೋಡಣೆ ಗೆರೆಗಳ ಮೇಲೆ ಅದು ದಿನಾ ಸೊಂಟಕ್ಕೆ ಕುಕ್ಕುತ್ತದೆ.

ಇನ್ನು ಡ್ಯಾಂಪರ್. ದುಡ್ಡು ಹೋಗಬೇಕಾದದ್ದು ಇಲ್ಲಿಗೆ. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಡ್ಯಾಂಪರ್ ಬಲ ಸುಮಾರು 1.4 ಪಟ್ಟು ಏರಬೇಕು. ಕಂಪನಿಯ ಡ್ಯಾಂಪರಿಗೆ ಬರೀ ಲೋವರಿಂಗ್ ಸ್ಪ್ರಿಂಗ್ ಸಿಕ್ಕಿಸಿದ ಕಾರು ಉಬ್ಬು ದಾಟಿದ ಮೇಲೂ ಎರಡು ಮೂರು ಸಲ ತೂಗಾಡುವುದು ಇದಕ್ಕೇ. ರಿಬೌಂಡ್ (ಅದುಮಿದ ಸ್ಪ್ರಿಂಗ್ ಮರಳಿ ಚಾಚುವಾಗ ಡ್ಯಾಂಪರ್ ಒಡ್ಡುವ ತಡೆ) ಅತಿಯಾದರೆ ಅದರ ತೊಂದರೆಯೇ ಬೇರೆ. ಸಾಲು ಉಬ್ಬುಗಳ ಮೇಲೆ ಚಕ್ರ ಕೆಳಗಿಳಿಯಲು ಸಮಯ ಸಿಗದೆ ಕಾರು ಹಂತಹಂತವಾಗಿ ಕುಸಿದು ಬಂಪ್ ಸ್ಟಾಪ್ (ಡ್ಯಾಂಪರಿನ ಓಟ ಮುಗಿಯುವಲ್ಲಿರುವ ಮೆತ್ತನೆಯ ತಡೆ) ಮೇಲೆ ಕೂರುತ್ತದೆ. ಓಡಿಸುವವರಿಗೆ ಅದು ಸ್ಪ್ರಿಂಗ್ ಗಟ್ಟಿಯಾದಂತೆ ಅನಿಸುತ್ತದೆ. ಗಟ್ಟಿ ಸ್ಪ್ರಿಂಗಿಗೆ ಡ್ಯಾಂಪರ್ ಬಲ ಸಾಲದು ಅಂದುಕೊಂಡು ಅವರು ನಾಬನ್ನು ಇನ್ನಷ್ಟು ಬಿಗಿ ಮಾಡುತ್ತಾರೆ, ಕಾರು ಇನ್ನಷ್ಟು ಕೆಡುತ್ತದೆ.

30 ಕ್ಲಿಕ್ ಇದೆ ಎಂಬುದು ಗುಣದ ಲಕ್ಷಣವಲ್ಲ. ಅಗ್ಗದ ಕಾಯಿಲೋವರುಗಳಲ್ಲಿ (ಎತ್ತರ ಬದಲಿಸಬಲ್ಲ ಸ್ಪ್ರಿಂಗ್-ಡ್ಯಾಂಪರ್ ಜೋಡಿ) ಒಂದೇ ನಾಬ್ ರಿಬೌಂಡನ್ನೂ ಕಂಪ್ರೆಶನ್ನನ್ನೂ (ಅದುಮುವಾಗಿನ ತಡೆ) ಒಟ್ಟಿಗೆ ಎಳೆದಾಡಬಹುದು, ಎಡ-ಬಲ ಡ್ಯಾಂಪರುಗಳು ಒಂದೇ ಕ್ಲಿಕ್ಕಿನಲ್ಲಿ ಒಂದೇ ಬಲ ಕೊಡದೆಯೂ ಇರಬಹುದು. ಕೊಳ್ಳುವ ಮೊದಲು ಶಾಕ್ ಡೈನೋ ಚಾರ್ಟ್ (ಡ್ಯಾಂಪರ್ ಎಷ್ಟು ಬಲ ಕೊಡುತ್ತದೆಂದು ಯಂತ್ರದಲ್ಲಿ ಅಳೆದ ಪಟ್ಟಿ) ಕೇಳಿ, ನಾಲ್ಕು ಮೂಲೆಯದ್ದೂ. ಕೊಡಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ಬಿಲ್‌ಸ್ಟೈನ್, ಓಲಿನ್ಸ್, ಕೆಡಬ್ಲ್ಯೂ ಮುಂತಾದವರ ರಸ್ತೆ-ಟ್ರ್ಯಾಕ್ ಸೆಟ್‌ಗಳಲ್ಲಿ ನೀವು ಬೆಲೆ ಕೊಡುವುದು ಒಳಗಿನ ವಾಲ್ವಿಗೆ, ಆಮೇಲೆ ರೀಬಿಲ್ಡ್ ಮಾಡಿಸುವ ಸೌಲಭ್ಯಕ್ಕೆ.

ಈಗ ಜಾಗದ ಮಾತು. ಮ್ಯಾಕ್‌ಫರ್ಸನ್ ಕಾರನ್ನು ತೀರಾ ತಗ್ಗಿಸಿದರೆ ಮುಂದಿನ ಕೆಳ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ಆಗ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿನ ಭಾರಕೇಂದ್ರಕ್ಕಿಂತ ವೇಗವಾಗಿ ಕುಸಿಯುತ್ತದೆ. ತಗ್ಗಿಸಿದ ಕಾರು ತಿರುವಿನಲ್ಲಿ ಹೆಚ್ಚು ವಾಲಲು ಹವಣಿಸುವುದು ಹೀಗೆ. ಕ್ಯಾಂಬರ್ ಅಂದರೆ ಚಕ್ರದ ತಲೆ ವಾಲಿರುವ ಕೋನ, ಒಳಕ್ಕೆ ವಾಲಿದರೆ ಮೈನಸ್. ಕಾರು ವಾಲಿದಾಗ ಟೈರನ್ನು ನೆಟ್ಟಗೆ ನಿಲ್ಲಿಸುವ ಕ್ಯಾಂಬರ್ ಗಳಿಕೆಯೂ ಕೈಬಿಡುತ್ತದೆ. 20ರಿಂದ 25 ಮಿ.ಮೀ. ಗಡಿ ಇಟ್ಟುಕೊಳ್ಳಿ. ಕಾಯಿಲೋವರ್ ಕೊಳ್ಳುವಾಗ ಎತ್ತರವನ್ನು ಕೆಳಗಿನ ಬ್ರಾಕೆಟ್ಟಿನಿಂದ ಬದಲಿಸುವಂಥದ್ದನ್ನು ನೋಡಿ. ಸ್ಪ್ರಿಂಗ್ ತಟ್ಟೆ ತಿರುಗಿಸಿ ತಗ್ಗಿಸುವ ಬಗೆಯಲ್ಲಿ ಒಂದೊಂದು ಮಿಲಿಮೀಟರೂ ಡ್ಯಾಂಪರಿನ ಓಟದಿಂದಲೇ ಕಳೆಯುತ್ತದೆ.

ಜಾಗ ಸಾಲುತ್ತದೋ ಇಲ್ಲವೋ ತಿಳಿಯಲು ಒಂದು ಕೇಬಲ್ ಟೈ ಸಾಕು. ಡ್ಯಾಂಪರಿನ ರಾಡ್ ಹೊರಗೆ ಕಾಣುವ ಕಡೆ, ತಾನಾಗಿ ಜಾರದಷ್ಟು ಬಿಗಿಯಾಗಿ ಟೈ ಕಟ್ಟಿ ಕೆಳಗಿನ ಸೀಲಿನವರೆಗೆ ತಳ್ಳಿ ಬಿಡಿ. ಒಂದು ಸೆಶನ್ ಓಡಿಸಿ ಬಂದು ಟೈ ಎಲ್ಲಿದೆ ನೋಡಿ. ಲಗುನಾ ಸೆಕಾದ ಕಾರ್ಕ್‌ಸ್ಕ್ರೂ ತಿರುವಿನಲ್ಲಿ ಟ್ರ್ಯಾಕ್ ಸುಮಾರು 18 ಮೀಟರ್ ಧುಮುಕುತ್ತದೆ. ಅಲ್ಲಿ ಹಗುರಾದ ಕಾರು ಕೆಳಗೆ ಕುಕ್ಕುವಾಗ ಟೈ ಬಂಪ್ ಸ್ಟಾಪಿನೊಳಗೆ ಸ್ವಲ್ಪ ಹೊಕ್ಕರೆ ಸಹಜ. ಸ್ಟಾಪ್ ಅರ್ಧಕ್ಕಿಂತ ಹೆಚ್ಚು ಅದುಮಿದ್ದರೆ ಕಾರನ್ನು 5 ಮಿ.ಮೀ. ಎತ್ತಿ, ಆಮೇಲೂ ಸಾಲದಿದ್ದರೆ ಮಾತ್ರ ಸ್ಪ್ರಿಂಗ್ ಬದಲಿಸಿ. ಸ್ಟ್ರಟ್ ತಲೆಕೆಳಗಾಗಿ ಕೂರುವ ಮೊನೋಟ್ಯೂಬ್ ಆಗಿದ್ದರೆ ರಾಡ್ ಕಾಣುವುದಿಲ್ಲ, ಆಗ ಬಂಪ್ ಸ್ಟಾಪಿಗೆ ಗ್ರೀಸ್ ಸವರಿ ಗುರುತು ನೋಡಬೇಕು.

ಕ್ಯಾಂಬರ್ ಇಲ್ಲದೆ ಇದೆಲ್ಲ ವ್ಯರ್ಥ. ಈ ಕಾರಿನಲ್ಲಿ ಮುಂದೆ ಕ್ಯಾಂಬರ್ ಹೆಚ್ಚುಕಡಿಮೆ ಸೊನ್ನೆ, ಅಲೈನ್‌ಮೆಂಟಿನಲ್ಲಿ ಬದಲಿಸಲು ಕಂಪನಿ ದಾರಿಯನ್ನೂ ಇಟ್ಟಿಲ್ಲ. ಕ್ಯಾಂಬರ್ ಬೋಲ್ಟ್ ಹಾಕಿದರೆ ಮೈನಸ್ 1.5 ಡಿಗ್ರಿ ಹತ್ತಿರ ಬರುತ್ತದೆ, ಮೇಲೆ ಕ್ಯಾಂಬರ್ ಪ್ಲೇಟ್ ಸೇರಿಸಿದರೆ ಮೈನಸ್ 3. ಬಜೆಟ್ ಬಿಗಿ ಇದ್ದರೆ ಮೊದಲು ಟೈರ್, ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಕ್ಯಾಂಬರ್. ಕಾಯಿಲೋವರ್ ಆಮೇಲೆ ಬರಲಿ. ರಸ್ತೆ, ಟ್ರ್ಯಾಕ್ ಎರಡರಲ್ಲೂ ಓಡಿಸುವವರಿಗೆ ಮುಂದೆ ಮೈನಸ್ 2.5, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ. ಹಿಂದೆ ಮೈನಸ್ 1.8, ಪ್ರತಿ ಚಕ್ರಕ್ಕೆ 1 ಮಿ.ಮೀ. ಟೋ-ಇನ್. ಟೈರಿನ ಒಳಅಂಚು ಬೇಗ ಸವೆದರೆ ಎಲ್ಲರೂ ಕ್ಯಾಂಬರನ್ನು ದೂರುತ್ತಾರೆ, ತಪ್ಪು ಸಾಮಾನ್ಯವಾಗಿ ಟೋದಲ್ಲಿರುತ್ತದೆ. ಹಿಂದಿನ ಕ್ಯಾಂಬರ್ ಹೊಂದಿಸಲು ಬೇರೆ ಲೋವರ್ ಆರ್ಮ್ ಬೇಕು, ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ.

ಫಿಟ್ಟಿಂಗಿನಲ್ಲಿ ಹಾಳಾಗುವುದು ಬುಶ್, ಅಂದರೆ ಆರ್ಮ್ ಕೀಲಿನ ರಬ್ಬರ್. ಕಾರು ಜಾಕಿನ ಮೇಲೆ ಚಕ್ರ ಜೋತುಬಿದ್ದಾಗಲೇ ಆರ್ಮ್ ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ಕಾರು ನೆಲಕ್ಕೆ ಇಳಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ. ಎತ್ತರ ತಪ್ಪು ತೋರುತ್ತದೆ, ಕೆಲವೇ ತಿಂಗಳಲ್ಲಿ ಬುಶ್ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಿಟ್ಟ ಮೇಲೆ ಟಾರ್ಕ್ ವ್ರೆಂಚಿನಲ್ಲಿ ಬಿಗಿಯಿರಿ. ಡ್ಯಾಂಪರಿನ ಮೇಲ್ನಟ್ಟಿಗೆ ಇಂಪ್ಯಾಕ್ಟ್ ಗನ್ ಹಚ್ಚಬೇಡಿ, ರಾಡ್ ಗಿರ್ರನೆ ತಿರುಗಿ ಸೀಲ್ ಕೆಡುತ್ತದೆ. ಎತ್ತರವನ್ನು ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಅಳೆಯಿರಿ, ನೆಲದಿಂದಲ್ಲ. ಮೂಲೆ ತೂಕ (ಒಂದೊಂದು ಚಕ್ರದ ಮೇಲೆ ಬೀಳುವ ಭಾರ) ಹೊಂದಿಸುವಾಗ ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ಭಾರ ಇರಬೇಕು, ಆಂಟಿ-ರೋಲ್ ಬಾರ್ ಲಿಂಕುಗಳನ್ನು ಕಳಚಿರಬೇಕು. ಕರ್ಣದ ಎರಡು ಚಕ್ರಗಳ ಮೊತ್ತ ಒಟ್ಟು ತೂಕದ 50 ಶೇಕಡಾ ಆದರೆ ಎಡಕ್ಕೂ ಬಲಕ್ಕೂ ಕಾರು ಒಂದೇ ರೀತಿ ತಿರುಗುತ್ತದೆ. ಅಲೈನ್‌ಮೆಂಟ್ ಇದರ ನಂತರವೇ, ಮೊದಲು ಮಾಡಿಸಿದರೆ ಎರಡನೇ ಸಲ ದುಡ್ಡು ಕೊಡಬೇಕಾಗುತ್ತದೆ.

ಟ್ರ್ಯಾಕಿನಲ್ಲಿ ತೀರ್ಪು ಹೇಳುವುದು ಟೈರು. ಪಿಟ್ಟಿಗೆ ಬಂದ ತಕ್ಷಣ ಸೂಜಿ ಪೈರೋಮೀಟರಿನಿಂದ ಒಳಗೆ, ನಡುವೆ, ಹೊರಗೆ ಬಿಸಿ ಅಳೆಯಿರಿ. ಹೊರಅಂಚೇ ಹೆಚ್ಚು ಬಿಸಿ ಇದ್ದರೆ ಕ್ಯಾಂಬರ್ ಸಾಲದು. ಒಳಅಂಚು 5ರಿಂದ 8 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ಸರಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಎರಡು ಕ್ಲಿಕ್ಕಿಗಿಂತ ಕಡಿಮೆ ಬೇಡ. ಒಂದು ಕ್ಲಿಕ್ಕಿನ ವ್ಯತ್ಯಾಸ ಹೆಚ್ಚಿನವರ ಕೈಗೆ ತಿಳಿಯುವುದಿಲ್ಲ. ಹೊಸದಾಗಿ ಹಾಕಿಸಿ 100 ಮೈಲಿ ಓಡಿದ ಮೇಲೆ ಎಲ್ಲ ಬೋಲ್ಟನ್ನೂ ಮತ್ತೆ ಟಾರ್ಕ್ ಮಾಡಿ, ಅದರಲ್ಲೂ ಕ್ಯಾಂಬರ್ ಬೋಲ್ಟ್. ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿಸಿದಾಗ ಮೊದಲು ಜಾರುವುದು ಅದೇ. ರಾಡಿನ ಸುತ್ತ ಎಣ್ಣೆ ಜಿನುಗಿದರೆ ಡ್ಯಾಂಪರನ್ನು ರೀಬಿಲ್ಡಿಗೆ ಕಳಿಸಿ. ಅದು ವಾಪಸ್ ಬರುವವರೆಗೆ ಕಾರು ಓಡಬೇಕಲ್ಲ, ಆದ್ದರಿಂದ ಕಂಪನಿಯ ಹಳೆ ಸೆಟ್ ಮಾರಬೇಡಿ.