ರಿವ್ವಾರ್ ಹೇಗೆ ರಿವಿಯರ್ ಆದ: ಒಂದಕ್ಕೊಂದು ಹೊಂದದ ದಾಖಲೆಗಳನ್ನು ಓದುವುದು

ವಂಶಾವಳಿ ಹುಡುಕುವುದನ್ನು ನನ್ನ ಹಾಗೆ ಈಗಷ್ಟೇ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಫ್ರಾನ್ಸಿನಿಂದ ವಲಸೆ ಹೋದ ಕುಟುಂಬ ಅಂದರೆ ನಾನು ಉದಾಹರಣೆಗೆ ಹಿಡಿಯುವುದು ಪಾಲ್ ರಿವಿಯರ್ ಮನೆಯನ್ನು. 1775ರ ಏಪ್ರಿಲ್ 18ರ ರಾತ್ರಿ, ಬ್ರಿಟಿಷ್ ಸೈನ್ಯ ಹೊರಟಿದೆ ಅಂತ ಕುದುರೆ ಏರಿ ಸುದ್ದಿ ಮುಟ್ಟಿಸಿದ, ಅಮೆರಿಕದ ಬೋಸ್ಟನ್ನಿನ ಬೆಳ್ಳಿ ಕೆಲಸದವನು ಇವನೇ. ಹೆಸರು ಕೇಳಿದರೆ ಅಪ್ಪಟ ಇಂಗ್ಲಿಷಿನವನು ಅನ್ನಿಸುತ್ತದೆ, ಅಲ್ವಾ? ಆದರೆ ಅಪ್ಪ ಬಂದದ್ದು ಫ್ರಾನ್ಸಿನ ನೈಋತ್ಯಕ್ಕಿರುವ ರಿಯೊಕೊ ಎಂಬ ಹಳ್ಳಿಯಿಂದ. ಈಗ ಅದು ಜಿರೊಂಡ್ ಜಿಲ್ಲೆಯಲ್ಲಿದೆ, ಸೇಂತ್-ಫ್ವಾ-ಲಾ-ಗ್ರಾಂದ್ ಊರಿನ ಹತ್ತಿರ.

ಈ ಅಪ್ಪನಿಗೆ ದಾಖಲೆಯಲ್ಲಿ ಮೂರು ರೂಪ. 1702ರಲ್ಲಿ ಅಪೊಲೊ ರಿವ್ವಾರ್. 1722ರಲ್ಲಿ ಬೋಸ್ಟನ್ನಿನಲ್ಲಿ ಪಾಲ್ ರಿವ್ವಾರ್. 1730ರ ಪತ್ರಿಕೆ ಜಾಹೀರಾತಿನಲ್ಲಿ ಅಂಗಡಿ ಬದಲಾಯಿಸಿದ ಅಕ್ಕಸಾಲಿ ಪಾಲ್ ರಿವಿಯರ್. ಬರೀ ಹೆಸರು ಟೈಪ್ ಮಾಡಿ ಹುಡುಕಿದರೆ ಮೂರು ಬೇರೆ ಬೇರೆ ಮನುಷ್ಯರೇ ಸಿಗುತ್ತಾರೆ. ಇವರನ್ನು ಒಬ್ಬನೇ ಅಂತ ಹೊಲಿಯುವ ದಾರ ಯಾವುದು? ಹೆಸರಿನ ಹೋಲಿಕೆ ಅಲ್ಲ. ಮಗ ಪಾಲ್ ಮುಂದೆ ಗರ್ನ್ಸಿ ದ್ವೀಪದಲ್ಲೂ ಫ್ರಾನ್ಸಿನಲ್ಲೂ ಇದ್ದ ರಿವ್ವಾರ್ ನೆಂಟರ ಜೊತೆ ಪತ್ರ ಬರೆದುಕೊಂಡಿದ್ದ. ಆ ಪತ್ರಗಳೇ ದಾರ. ಹೆಸರು ಬದಲಾದ ಕಡೆ ನೆಂಟಸ್ತಿಕೆಯನ್ನು ಹಿಡಿಯಿರಿ, ಅದು ಅಷ್ಟು ಬೇಗ ಬದಲಾಗುವುದಿಲ್ಲ.

ಹುಟ್ಟಿದ ದಿನಕ್ಕೆ ಬರೋಣ. ಅಪೊಲೊನ ಅಪ್ಪ ಇಸಾಕ್ ಮನೆಯಲ್ಲಿ ಒಂದು ಟಿಪ್ಪಣಿ ಬರೆದಿಟ್ಟಿದ್ದ. ಮಗ 1702ರ ನವೆಂಬರ್ 30ರಂದು ರಾತ್ರಿ ಹತ್ತರ ಸುಮಾರಿಗೆ ಹುಟ್ಟಿದ, ರಿಯೊಕೊದಲ್ಲಿ ದೀಕ್ಷಾಸ್ನಾನ ಆಯಿತು, 1715ರ ನವೆಂಬರ್ 21ರಂದು ಗರ್ನ್ಸಿಗೆ ಹೊರಟ. ಗಂಟೆ ಸಮೇತ ಬರೆದಿದ್ದಾನೆ ನೋಡಿ, ಮನೆಯವರೇ ಬರೆದರೆ ಹೀಗಿರುತ್ತದೆ. ಇದೇ ಟಿಪ್ಪಣಿಯ ಪ್ರಕಾರ ದೀಕ್ಷಾಸ್ನಾನದಲ್ಲಿ ಮಗುವಿಗೆ ಗಾಡ್‌ಫಾದರ್ ಆಗಿ ನಿಂತವನು ಇಸಾಕ್‌ನ ಒಡಹುಟ್ಟಿದವನು, ಅವನ ಹೆಸರೂ ಅಪೊಲೊ ರಿವ್ವಾರ್! ಒಂದೇ ಊರು, ಒಂದೇ ಮನೆ, ಇಬ್ಬರು ಅಪೊಲೊ. ವಯಸ್ಸು ನೋಡದೆ ಹೆಸರು ಮಾತ್ರ ನೋಡಿದರೆ ಅವನಿಗೆ ಸೇರಿದ ಕಾಗದ ಇವನ ತಲೆಗೆ ಕಟ್ಟಿಬಿಡುತ್ತೇವೆ.

ಇಲ್ಲಿ ಕನ್ನಡದವರಿಗೆ ಕಾಡುವ ಒಂದು ತೊಂದರೆ ಇದೆ. ಇಸಾಕ್‌ನ ಅಣ್ಣನೋ ತಮ್ಮನೋ ಅಂತ ಫ್ರೆಂಚ್ ಪದ ಹೇಳುವುದಿಲ್ಲ. ನಾನು ಸುಮ್ನೆ ‘ಚಿಕ್ಕಪ್ಪ’ ಅಂತ ನೋಟ್ಸ್‌ನಲ್ಲಿ ಬರೆದುಕೊಂಡೆ, ಎರಡು ವಾರ ಆದಮೇಲೆ ನೋಡಿದರೆ ನನಗೇ ಅದು ದಾಖಲೆಯಲ್ಲಿ ಇದ್ದ ಸಂಗತಿ ಅನ್ನಿಸಿತು. ಗಾಡ್‌ಮದರ್ ಆಗಿದ್ದ ಆನ್ ಮೊಲ್ಮೋಂ ಕಥೆ ಇನ್ನೂ ಗೋಜಲು. ಇಸಾಕ್ ಆಕೆಯನ್ನು ಕರೆಯುವ ಪದ ಹೆಂಡತಿಯ ಅಕ್ಕನಿಗೂ ತಂಗಿಗೂ ಅಣ್ಣನ ಹೆಂಡತಿಗೂ ತಮ್ಮನ ಹೆಂಡತಿಗೂ ಒಂದೇ. ನಾವು ಅತ್ತಿಗೆ ಅಂದರೂ ನಾದಿನಿ ಅಂದರೂ ದಾಖಲೆಯಲ್ಲಿ ಇಲ್ಲದ್ದನ್ನು ಸೇರಿಸಿದ ಹಾಗೆ. ಹಳೆಯ ಫ್ರೆಂಚ್ ಕಾಗದಗಳಲ್ಲಿ ‘ಬೆಲ್-ಮೇರ್’ ಅಂದರೆ ಅತ್ತೆಯೂ ಆಗಬಹುದು, ಮಲತಾಯಿಯೂ ಆಗಬಹುದು. ಹಾಗಾಗಿ ನೋಟ್ಸ್‌ನಲ್ಲಿ ಮೂಲ ಪದವನ್ನೇ ಕನ್ನಡ ಅಕ್ಷರದಲ್ಲಿ ಇಟ್ಟುಕೊಳ್ಳಿ, ಅನುವಾದ ಆಮೇಲೆ.

ಈಗ ಜಗಳ ಶುರು. ಹುಡುಗ ಬೋಸ್ಟನ್ನಿನಲ್ಲಿ ಜಾನ್ ಕೋನಿ ಎಂಬ ಬೆಳ್ಳಿ ಕೆಲಸಗಾರನ ಹತ್ತಿರ ಕರಾರಿನ ಮೇಲೆ ಕೆಲಸ ಕಲಿಯಲು ಸೇರಿದ. ಕೋನಿ 1722ರ ಆಗಸ್ಟ್‌ನಲ್ಲಿ ತೀರಿಕೊಂಡ. ಅವನ ಆಸ್ತಿ ಪಟ್ಟಿಯಲ್ಲಿ ಸಾಮಾನುಗಳ ಜೊತೆಗೇ ಪಾಲ್ ರಿವ್ವಾರ್‌ನ ‘ಸಮಯ’ವೂ ಇದೆ: ಕರಾರಿನಲ್ಲಿ ಉಳಿದಿರುವುದು ಸುಮಾರು ಮೂರೂವರೆ ವರ್ಷ, ಬೆಲೆ 30 ಪೌಂಡ್. ಹುಡುಗ ಕೊನೆಗೆ 40 ಪೌಂಡ್ ಕೊಟ್ಟು ಬಿಡಿಸಿಕೊಂಡ. ಮನುಷ್ಯನ ವರ್ಷಗಳನ್ನೂ ಪಾತ್ರೆ ಪಗಡದ ಪಕ್ಕದಲ್ಲಿ ಬರೆದಿಟ್ಟ ಕಾಲ ಅದು.

ಅಂಥ ಕರಾರು ಸಾಮಾನ್ಯವಾಗಿ 21 ತುಂಬಿದಾಗ ಮುಗಿಯುತ್ತಿತ್ತು. 1722ಕ್ಕೆ ಮೂರೂವರೆ ಸೇರಿಸಿ, 1726ರ ಆರಂಭ ಅಂದುಕೊಳ್ಳಿ. ಅದರಲ್ಲಿ 21 ಕಳೆದರೆ ಹುಟ್ಟಿದ್ದು 1705! ನಾನು ಮೊದಲು ಹೀಗೇ ಲೆಕ್ಕ ಹಾಕಿ, ಅಪ್ಪ ಬರೆದದ್ದು ತಪ್ಪು ಅಂತ ಖುಷಿಪಟ್ಟೆ. ಆದರೆ ಆಸ್ತಿ ಪಟ್ಟಿ ಹುಡುಗನ ವಯಸ್ಸನ್ನು ಹೇಳುತ್ತಲೇ ಇಲ್ಲ. ‘21ಕ್ಕೆ ಮುಗಿಯುತ್ತದೆ’ ಅನ್ನುವುದು ವಾಡಿಕೆ, ಆ ಊಹೆಯನ್ನು ತಂದು ಕೂರಿಸಿದ್ದು ನಾನು. ಬದಲಿಗೆ 1726ರಿಂದ ಹತ್ತು ವರ್ಷ ಹಿಂದೆ ಹೋದರೆ ಬರುವುದು 1716ರ ಆರಂಭ. 1715ರ ನವೆಂಬರ್ ಕೊನೆಯಲ್ಲಿ ಮನೆ ಬಿಟ್ಟ ಹುಡುಗ, ಗರ್ನ್ಸಿ ಮುಟ್ಟಿ, ಅಲ್ಲಿಂದ ಹಡಗು ಹತ್ತಿ ಬೋಸ್ಟನ್ ಸೇರುವ ಹೊತ್ತಿಗೆ ಸರಿಹೋಗುತ್ತದೆ. ಹತ್ತು ವರ್ಷದ ಕರಾರು ಅನ್ನುವುದೂ ನನ್ನ ಊಹೆಯೇ, ಆದರೆ ಇದು ಯಾವ ದಾಖಲೆಯನ್ನೂ ಸುಳ್ಳು ಮಾಡುವುದಿಲ್ಲ. ಮೊದಲನೆಯದು ಅಪ್ಪನನ್ನೇ ಸುಳ್ಳುಗಾರ ಮಾಡಿತ್ತು.

ಇನ್ನೊಂದು ವಿಷಯ. 1702 ಅಂತ ಹೇಳುವ ಇಪ್ಪತ್ತು ವಂಶವೃಕ್ಷ ಸಿಕ್ಕರೂ ಅವು ಇಪ್ಪತ್ತು ಸಾಕ್ಷಿ ಅಲ್ಲ. ಎಲ್ಲವೂ ಇಸಾಕ್ ಬರೆದ ಅದೇ ಟಿಪ್ಪಣಿಯಿಂದ ಬಂದಿದ್ದರೆ ಅದು ಒಂದೇ ಬಾಯಿ. ಕೋನಿಯ ಆಸ್ತಿ ಪಟ್ಟಿ ಇನ್ನೊಂದು ಬಾಯಿ, ಯಾಕೆಂದರೆ ಅದನ್ನು ಬರೆದವರಿಗೆ ಇಸಾಕ್ ಯಾರು ಅಂತ ಗೊತ್ತಿರಬೇಕಾಗಿರಲಿಲ್ಲ. ಎಣಿಸಬೇಕಾದದ್ದು ಬಾಯಿಗಳನ್ನು, ಕಾಗದಗಳನ್ನಲ್ಲ.

ಬೋಸ್ಟನ್‌ಗೆ ಬಂದದ್ದು 1715 ಅಂತ ಒಬ್ಬರು, 1716 ಅಂತ ಇನ್ನೊಬ್ಬರು ಬರೆಯುತ್ತಾರೆ. ಇಬ್ಬರೂ ಸರಿ ಇರಬಹುದು! ಫ್ರಾನ್ಸ್ 1582ರಲ್ಲೇ ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಯಿಸಿತು. ಇಂಗ್ಲೆಂಡ್ ಮತ್ತು (ಬೋಸ್ಟನ್ನೂ ಸೇರಿ) ಅದರ ವಸಾಹತುಗಳು 1752ರವರೆಗೆ ಹಳೆಯದರಲ್ಲೇ ಇದ್ದವು, 18ನೇ ಶತಮಾನದಲ್ಲಿ ಫ್ರಾನ್ಸಿಗಿಂತ 11 ದಿನ ಹಿಂದೆ. ಜಾಸ್ತಿ ಜನ ಮರೆಯುವುದು ಏನು ಅಂದರೆ, ಅವರ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ನಮ್ಮ ಲೆಕ್ಕದ 1716ರ ಫೆಬ್ರವರಿ ಅವರ ಪುಸ್ತಕದಲ್ಲಿ ಇನ್ನೂ 1715. ಅದಕ್ಕೇ ಆ ಕಾಲದ ಗುಮಾಸ್ತರು ಎಷ್ಟೋ ಕಡೆ 1715/16 ಅಂತ ಎರಡೂ ಬರೆಯುತ್ತಿದ್ದರು.

ಮಗನ ವಿಷಯದಲ್ಲೂ ಇದೇ ಕಥೆ. ಪಾಲ್ ರಿವಿಯರ್‌ನ ದೀಕ್ಷಾಸ್ನಾನ 1734ರ ಡಿಸೆಂಬರ್ 22. ಹೊಸ ಕ್ಯಾಲೆಂಡರಿಗೆ ತಂದರೆ 1735ರ ಜನವರಿ 2. ಹುಟ್ಟಿದ ದಿನ ಅಂತ ಸಾಮಾನ್ಯವಾಗಿ ಕೊಡುವುದು 1735ರ ಜನವರಿ 1, ಅಂದರೆ ಹಳೆಯ ಲೆಕ್ಕದ ಡಿಸೆಂಬರ್ 21. ಗಮನಿಸಿ, ಚರ್ಚ್ ರಿಜಿಸ್ಟರ್ ಹೇಳುವುದು ಸ್ನಾನದ ದಿನವನ್ನು, ಹುಟ್ಟಿದ ದಿನವನ್ನಲ್ಲ. ನಮ್ಮ ಅಜ್ಜಂದಿರಲ್ಲಿ ಎಷ್ಟು ಜನ ಶಾಲೆಯ ದಾಖಲೆಯ ಪ್ರಕಾರ ಜೂನ್ 1ಕ್ಕೇ ಹುಟ್ಟಿದ್ದಾರೆ ಅಂತ ನೆನಪಿಸಿಕೊಂಡರೆ ಸಾಕು.

ಫ್ರಾನ್ಸಿನ ಕಡೆಯ ರಿಜಿಸ್ಟರ್ ಬಗ್ಗೆ ಸ್ವಲ್ಪ. ರಿವ್ವಾರ್ ಮನೆಯವರು ಹ್ಯೂಗೆನೊಗಳು, ಅಂದರೆ ಫ್ರಾನ್ಸಿನ ಪ್ರೊಟೆಸ್ಟಂಟರು. 1598ರಲ್ಲಿ ಅವರಿಗೆ ಸಿಕ್ಕಿದ್ದ ಹಕ್ಕುಗಳನ್ನು 14ನೇ ಲೂಯಿ 1685ರಲ್ಲಿ ಕಿತ್ತುಕೊಂಡ. ಅಲ್ಲಿಂದ 1787ರವರೆಗೆ ಪ್ರೊಟೆಸ್ಟಂಟ್ ಮಗು ಸರ್ಕಾರದ ಲೆಕ್ಕಕ್ಕೆ ಬರಬೇಕಾದರೆ ಕ್ಯಾಥೊಲಿಕ್ ಪಾದ್ರಿಯ ಪುಸ್ತಕದಲ್ಲೇ ಹೆಸರು ಬರಬೇಕಿತ್ತು. ಹಾಗಾಗಿ ಕ್ಯಾಥೊಲಿಕ್ ದೀಕ್ಷಾಸ್ನಾನ ಸಿಕ್ಕಿತು ಅಂತ ಕುಟುಂಬದ ಧರ್ಮ ತೀರ್ಮಾನ ಮಾಡಬೇಡಿ. 1667ರ ರಾಜಾಜ್ಞೆಯ ಪ್ರಕಾರ ರಿಜಿಸ್ಟರ್ ಎರಡು ಪ್ರತಿ ಇರಬೇಕು, ಒಂದು ಚರ್ಚಿನಲ್ಲಿ, ಒಂದು ನ್ಯಾಯಾಲಯದಲ್ಲಿ. ಒಂದರಲ್ಲಿ ಅಕ್ಷರ ಮಾಸಿದ್ದರೆ ಇನ್ನೊಂದನ್ನು ಹುಡುಕಿ. ಜಿಲ್ಲಾ ಪತ್ರಾಗಾರಗಳು ಇವನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಇಟ್ಟಿವೆ.

ಆಮೇಲಿನ ಕಾಲದಲ್ಲಿ ವಲಸೆ ಹೋದವರಾದರೆ ಬೇರೆ ಹೊಂಡಗಳು. 1792ರಿಂದ ನೋಂದಣಿ ಪಾದ್ರಿಯ ಕೈ ತಪ್ಪಿ ಊರಿನ ಮೇಯರ್ ಕಚೇರಿಗೆ ಹೋಯಿತು. ಅದರ ಬೆನ್ನಿಗೇ ಫ್ರೆಂಚ್ ಕ್ರಾಂತಿಯ ಕ್ಯಾಲೆಂಡರ್ ಬಂದು 1805ರ ಕೊನೆಯವರೆಗೂ ಇತ್ತು. ಅದರ ‘8ನೇ ವರ್ಷ ಬ್ರುಮೇರ್ ತಿಂಗಳ 18’ ಅಂದರೆ 1799ರ ನವೆಂಬರ್ 9, ಕೋಷ್ಟಕ ಇಲ್ಲದೆ ಬಾಯಿಲೆಕ್ಕ ಮಾಡಲು ಹೋಗಬೇಡಿ. ಪ್ಯಾರಿಸ್‌ನ ಹಳೆಯ ರಿಜಿಸ್ಟರ್‌ಗಳು 1871ರ ಮೇ ತಿಂಗಳ ಬೆಂಕಿಯಲ್ಲಿ ಎರಡು ಪ್ರತಿಯೂ ಸುಟ್ಟುಹೋದವು. ಈಗ ಸಿಗುವುದರಲ್ಲಿ ಜಾಸ್ತಿ ಪಾಲು ಆಮೇಲೆ ಮರುಕಟ್ಟಿದ್ದು, ಅದೂ ಒಂದು ಭಾಗ ಮಾತ್ರ. ಫ್ರಾನ್ಸ್-ಜರ್ಮನಿ ಗಡಿಯ ಅಲ್ಸಾಸ್ ಕುಟುಂಬವಾದರೆ ಅಮೆರಿಕದ 1870ರ ಜನಗಣತಿಯಲ್ಲಿ ಹುಟ್ಟಿದ್ದು ಫ್ರಾನ್ಸ್, 1880ರಲ್ಲಿ ಜರ್ಮನಿ ಅಂತ ಇರಬಹುದು. ಹುಟ್ಟಿದ ಊರು ಅದೇ, 1871ರಲ್ಲಿ ಗಡಿ ಸರಿಯಿತು.

ನನ್ನ ಹಾಳೆಯಲ್ಲಿ ಅಪೊಲೊ ಎದುರಿಗೆ ಈಗ ಹೀಗಿದೆ: ಜನನ 1702ರ ನವೆಂಬರ್ 30, ಅಪ್ಪನ ಟಿಪ್ಪಣಿ, ಫ್ರೆಂಚ್ ಕ್ಯಾಲೆಂಡರ್ ಇರಬೇಕು. ಬೋಸ್ಟನ್ 1715/16, ಲೆಕ್ಕದಿಂದ. ಗಾಡ್‌ಫಾದರ್ ಕಾಲಂನಲ್ಲಿ ‘ಚಿಕ್ಕಪ್ಪ’ ಹೊಡೆದುಹಾಕಿ ‘ಅಪ್ಪನ ಒಡಹುಟ್ಟಿದವನು’ ಅಂತ ಬರೆದಿದ್ದೇನೆ.