ಮರುದಿನ ಹಾಜರಿ ಕರೆಯುವುದು ಹೇಗೆ?

ವಿದ್ಯಾರ್ಥಿಯೊಬ್ಬ ಆತ್ಮಹತ್ಯೆ ಮಾಡಿಕೊಂಡ ಮರುದಿನವೂ ಶಾಲೆಯ ಗಂಟೆ ಹೊಡೆಯುತ್ತದೆ. ಕ್ಲಾಸ್ ಟೀಚರ್ ಹಾಜರಿ ಕರೆಯಬೇಕು. ಆ ಹೆಸರು ಬಂದಾಗ ಏನು ಮಾಡಬೇಕು?

ಸತ್ತವರ ಜೊತೆಗಿದ್ದವರಿಗೂ ಆರೈಕೆ ಬೇಕು ಎಂಬ ಯೋಚನೆಗೆ ‘ಪೋಸ್ಟ್‌ವೆನ್ಷನ್’ ಎಂದು ಹೆಸರಿಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್. 1958ರಲ್ಲಿ ಲಾಸ್ ಏಂಜಲೀಸ್‌ನ ಆತ್ಮಹತ್ಯೆ ತಡೆ ಕೇಂದ್ರ ಕಟ್ಟಿದವರಲ್ಲಿ ಅವರೂ ಒಬ್ಬರು. 1980ರ ದಶಕದಲ್ಲಿ ಅಮೆರಿಕದ ಕೆಲವು ಊರುಗಳಲ್ಲಿ ಹದಿಹರೆಯದವರ ಆತ್ಮಹತ್ಯೆಗಳು ಒಂದರ ಹಿಂದೆ ಒಂದು ನಡೆದವು. ಆಗ ಆ ದೇಶದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) 1988ರಲ್ಲಿ ಶಿಫಾರಸು ಮಾಡಿತು: ಯೋಜನೆ ಮೊದಲೇ ಸಿದ್ಧವಿರಲಿ, ಸತ್ತವರನ್ನು ವೈಭವೀಕರಿಸಬೇಡಿ.

ಮುಂದೆ ಶಾಲೆಗಳು ಬೇರೊಂದು ದಾರಿಯನ್ನೂ ಹಿಡಿದವು. ತುರ್ತುಸೇವೆಯ ಸಿಬ್ಬಂದಿಗೆಂದು 1983ರಲ್ಲಿ ಜೆಫ್ರಿ ಮಿಚೆಲ್ ರೂಪಿಸಿದ ‘ಡಿಬ್ರೀಫಿಂಗ್’ ತರಗತಿಗೂ ಬಂತು. ಎಲ್ಲರನ್ನೂ ಕೂರಿಸಿ, ನಡೆದದ್ದನ್ನು ಒಂದೇ ಸಲ ಹೇಳಿಸುವುದು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2002ರ ಕಾಕ್ರೇನ್ ವಿಮರ್ಶೆ, ಆಘಾತವಾದವರನ್ನು ಒಬ್ಬೊಬ್ಬರಾಗಿ ಒಂದೇ ಸಲ ಮಾತಾಡಿಸಿ ಬಿಡುವುದರಿಂದ ಪ್ರಯೋಜನ ಕಾಣುತ್ತಿಲ್ಲ, ಕಡ್ಡಾಯ ಮಾಡುವುದನ್ನು ನಿಲ್ಲಿಸಿ ಎಂದಿತು. ಮಾತಾಡಲು ಇಷ್ಟವಿಲ್ಲದ ಮಗುವಿನ ಬಾಯಿ ಬಿಡಿಸುವುದು ಆರೈಕೆ ಅಲ್ಲ, ಅಲ್ವಾ?

2011ರಲ್ಲಿ ಶಾಲೆಗಳಿಗೆಂದೇ ಅಮೆರಿಕದಲ್ಲಿ ಒಂದು ಕೈಪಿಡಿ ಬಂತು. 2018ರಲ್ಲಿ ಅದನ್ನು ಪರಿಷ್ಕರಿಸಿದರು. ಶಾಲೆಯ ಸಿಬ್ಬಂದಿಗೆ ಕೊಡುವ ಇಂದಿನ ತರಬೇತಿಯ ಜೀವಾಳ ಬಹಳ ಸರಳ. ಮೊದಲು ಮನೆಯವರಿಂದ ವಿಷಯ ಖಚಿತ ಮಾಡಿಕೊಳ್ಳಿ. ಅಸೆಂಬ್ಲಿಯಲ್ಲಿ ಮೈಕ್ ಹಿಡಿದು ಹೇಳಬೇಡಿ. ಪರಿಚಯದ ಟೀಚರ್ ತರಗತಿಯಲ್ಲೇ ಹೇಳಲಿ. ಹೇಗೆ ಸತ್ತರು ಎಂಬ ವಿವರ ಬೇಡ. ‘ಮಾರ್ಕ್ಸ್ ಕಡಿಮೆ ಬಂತು, ಅದಕ್ಕೇ’ ಎಂದು ಒಂದೇ ಕಾರಣ ಹೊರಿಸುವುದೂ ಬೇಡ. ಕಾಯಿಲೆಯಿಂದಲೋ ಅಪಘಾತದಲ್ಲೋ ಹೋದ ವಿದ್ಯಾರ್ಥಿಯನ್ನು ಹೇಗೆ ನೆನೆಯುತ್ತೀರೋ, ಇವರನ್ನೂ ಹಾಗೇ ನೆನೆಯಿರಿ. ಆಪ್ತ ಗೆಳೆಯರ ಮೇಲೆ ಕಣ್ಣಿರಲಿ. ಹಿಂದಿನ ದಿನ ಜಗಳವಾಡಿದವರ ಮೇಲೆ, ಮೊದಲೇ ಒಳಗೊಳಗೇ ನೊಂದಿದ್ದವರ ಮೇಲೆ ಇನ್ನೂ ಜಾಸ್ತಿ ಇರಲಿ. ‘ಸಾಯಬೇಕು ಅನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ.

ಇದನ್ನೆಲ್ಲ ಹೇಳಬೇಕಾದ ಟೀಚರ್ ಕೂಡ ಆ ಮಗುವನ್ನು ಕಳೆದುಕೊಂಡವರೇ. ‘ನನಗೆ ಯಾಕೆ ಗೊತ್ತಾಗಲಿಲ್ಲ’ ಎಂದು ಅವರೂ ರಾತ್ರಿ ನಿದ್ದೆ ಬಿಟ್ಟಿರುತ್ತಾರೆ. ಗಂಟಲು ಕಟ್ಟಿದರೆ ಅವರ ಜಾಗದಲ್ಲಿ ನಿಲ್ಲುವವರು ಯಾರು ಎಂಬುದೂ ಮೊದಲೇ ತೀರ್ಮಾನವಾಗಿರಬೇಕು.

ತರಬೇತಿ ಬರೀ ಆಪ್ತ ಸಮಾಲೋಚಕರಿಗೆ ಸಾಲದು. ಮಕ್ಕಳು ಮನಸ್ಸು ಬಿಚ್ಚುವುದು ತಮಗೆ ಹತ್ತಿರದವರ ಬಳಿ. ಅದು ವ್ಯಾನ್ ಡ್ರೈವರ್ ಇರಬಹುದು, ಲೈಬ್ರರಿಯವರಿರಬಹುದು. ಆಫೀಸಿನ ಗುಮಾಸ್ತರಿಗೂ ತರಬೇತಿ ಬೇಕು. ಹಾಜರಿ ಮುಗಿದ ಕೂಡಲೇ ‘ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ’ ಎಂಬ ಮೆಸೇಜ್ ತಾನಾಗಿ ಅಪ್ಪ ಅಮ್ಮನ ಫೋನಿಗೆ ಹೋಗುವ ಶಾಲೆಗಳಿವೆ. ಆ ಹೆಸರನ್ನು ಪಟ್ಟಿಯಿಂದ ಸಮಯಕ್ಕೆ ಸರಿಯಾಗಿ ತೆಗೆಯಬೇಕಾದವರು ಆ ಗುಮಾಸ್ತರೇ.